ಒಂದು ಬ್ಯಾಚ್ ಮುಗಿಯುವ ತನಕ ಕಾಯಿರಿ: ವಾಲಿಬಾಲ್ ಕೋಚ್‌ಗಳನ್ನು ನೇಮಿಸುವವರಿಗೆ ಒಂದು ಬಹಿರಂಗ ಪತ್ರ

ಕಾಲೇಜುಗಳ ಆಡಳಿತ ಮಂಡಳಿಯವರಿಗೆ, ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಕಾಲೇಜು ವಾಲಿಬಾಲ್ ತಂಡದಲ್ಲಿ ನಾಲ್ಕು ವರ್ಷ ಆಡಿದವಳು. ಸೆಟ್ಟರ್ ಆಗಿದ್ದೆ, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು. ಅದರಲ್ಲಿ ಮೊದಲ ಎರಡು ವರ್ಷ ಬೆಂಚಿನ ಮೇಲೇ ಕಳೆದೆ. ಬೆಂಚಿನ ಮೇಲೆ ಕೂತವರಿಗೆ ಆಟದಷ್ಟೇ ಕೋಚ್ ಕೂಡ ಕಾಣಿಸುತ್ತಾರೆ. ಅವರು ಯಾವಾಗ ಟೈಮ್‌ಔಟ್ ಕೇಳುತ್ತಾರೆ, ಯಾರನ್ನು ಯಾವಾಗ ಹೊರಗೆ ಕರೆಯುತ್ತಾರೆ, ಸೋತ ಮೇಲೆ ಮೊದಲು ಯಾರ ಹತ್ತಿರ ಹೋಗಿ ಮಾತಾಡುತ್ತಾರೆ, ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಅಲ್ಲಿ ಕಂಡದ್ದನ್ನು ನಿಮಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಾನು ಸೇರಿದ ವರ್ಷವೇ ನಮಗೆ ಹೊಸ ಕೋಚ್ ಬಂದರು. ನಾವು ಮೇಡಂ ಅಂತ ಕರೆಯುತ್ತಿದ್ದೆವು. ಬಂದವರೇ ಸ್ಮ್ಯಾಶ್ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿದರು. ದಿನಾ ಮೊದಲ ಒಂದು ಗಂಟೆ ಬರೀ ಪಾಸ್. ಎದುರಿನಿಂದ ಬರುವ ಸರ್ವ್ ತೆಗೆದುಕೊಂಡು ಸೆಟ್ಟರ್ ತಲೆ ಮೇಲೆ ಇಳಿಸುವುದು, ಅಷ್ಟೇ. ಮೊದಲ ಸೀಸನ್ನಿನಲ್ಲಿ ನಾವು ಹಿಂದಿನ ವರ್ಷಕ್ಕಿಂತ ಜಾಸ್ತಿ ಸೋತೆವು. ಎರಡನೇ ವರ್ಷ ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಮೂರನೇ ವರ್ಷ ಸೆಮಿಫೈನಲ್‌ನಲ್ಲಿ ಐದನೇ ಸೆಟ್ ತನಕ ಹೋಗಿ ಸೋತೆವು. ಆಮೇಲೆ ಮೇಡಂ ಅವರ ಒಪ್ಪಂದ ಮುಂದುವರಿಯಲಿಲ್ಲ. 'ಮೂರು ವರ್ಷದಲ್ಲಿ ಒಂದು ಕಪ್ಪೂ ಇಲ್ಲ' ಅನ್ನುವ ಕಾರಣ ಕೊಟ್ಟರು ಅಂತ ಗೊತ್ತಾಯಿತು.

ನಾಲ್ಕನೇ ವರ್ಷ ನಾವು ಕಪ್ ಗೆದ್ದೆವು. ಅಂಕಣದಲ್ಲಿದ್ದ ಆರೂ ಜನರಿಗೆ ಪಾಸ್ ಮಾಡಲು ಕಲಿಸಿದವರು ಮೇಡಂ. ಆರರಲ್ಲಿ ನಾಲ್ವರನ್ನು ಹುಡುಕಿ ಕರೆತಂದವರೂ ಅವರೇ. ಗೆಲುವಿನ ಫೋಟೋದಲ್ಲಿ ಹೊಸ ಕೋಚ್ ಇದ್ದಾರೆ, ಕಾಲೇಜಿನ ದೊಡ್ಡವರೆಲ್ಲ ಇದ್ದಾರೆ. ಮೇಡಂ ಇಲ್ಲ. ಹೊಸ ಸರ್ ಒಳ್ಳೆಯ ಮನುಷ್ಯ. ಆ ಸಂಜೆ ಅವರೇ ನನ್ನ ಹತ್ತಿರ ಬಂದು, "ಮೇಡಂಗೆ ಫೋನ್ ಮಾಡಿದ್ರಾ?" ಅಂತ ಕೇಳಿದರು.

ಕಾಲೇಜು ತಂಡವನ್ನು ಕಟ್ಟುವ ಲೆಕ್ಕವೇ ಬೇರೆ. ಕ್ಲಬ್ ತಂಡದಲ್ಲಿ ಒಬ್ಬ ಒಳ್ಳೆಯ ಆಟಗಾರ್ತಿ ಸಿಕ್ಕರೆ ಎಂಟು ಹತ್ತು ವರ್ಷ ಇಟ್ಟುಕೊಳ್ಳಬಹುದು. ಕಾಲೇಜಿನಲ್ಲಿ ಪ್ರತಿ ವರ್ಷ ತಂಡದ ಒಂದು ಭಾಗ ಪದವಿ ಮುಗಿಸಿ ಹೊರಟೇಹೋಗುತ್ತದೆ. ಕೋಚ್ ಮೊದಲ ವರ್ಷ ಆಡಿಸುವುದು ಬೇರೆಯವರು ಆರಿಸಿದ ತಂಡವನ್ನು. ಎರಡನೇ ವರ್ಷ ಅರೆಬರೆ. ತಾವೇ ಆರಿಸಿ ತಾವೇ ಕಲಿಸಿದವರು ಪೂರ್ತಿ ಬಲಿತು ಅಂಕಣಕ್ಕೆ ಇಳಿಯುವುದು ನಾಲ್ಕನೇ ವರ್ಷದಲ್ಲಿ. ನೀವು ಮೂರನೇ ವರ್ಷಕ್ಕೆ ತೀರ್ಪು ಕೊಟ್ಟರೆ, ಹಿಂದಿನ ಕೋಚ್ ಬಿಟ್ಟುಹೋದದ್ದಕ್ಕೆ ಈಗಿನವರಿಗೆ ಶಿಕ್ಷೆ ಕೊಟ್ಟಂತೆ ಆಗುತ್ತದೆ, ಅಲ್ವಾ?

ಇದು ನನ್ನೊಬ್ಬಳ ಕಾಲೇಜಿನ ಕಥೆಯಲ್ಲ. ಅಮೆರಿಕದಲ್ಲಿ ಕಾಲೇಜು ವಾಲಿಬಾಲ್ ದೊಡ್ಡ ಆಟ. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಹುಡುಗಿಯರ ಪಂದ್ಯ ನೋಡಲು ಫುಟ್‌ಬಾಲ್ ಸ್ಟೇಡಿಯಂನಲ್ಲಿ 92,003 ಜನ ಸೇರಿದ್ದರು. ಆಗ ಆ ತಂಡದ ಕೋಚ್ ಜಾನ್ ಕುಕ್. ಅವರು 2000ದಲ್ಲಿ ನೆಬ್ರಾಸ್ಕಾದ ಮುಖ್ಯ ಕೋಚ್ ಆದರು. ಮೊದಲ ವರ್ಷವೇ 34 ಪಂದ್ಯ ಆಡಿ 34ನ್ನೂ ಗೆದ್ದು ರಾಷ್ಟ್ರೀಯ ಪ್ರಶಸ್ತಿ ತಂದರು. 'ನೋಡಿ, ಒಳ್ಳೆಯ ಕೋಚ್ ಆದರೆ ಮೊದಲ ವರ್ಷವೇ ಗೆಲ್ಲುತ್ತಾರೆ' ಅಂತ ನೀವು ಹೇಳಬಹುದು. ಆದರೆ ಆ ತಂಡವನ್ನು ಕಟ್ಟಿದವರು ಟೆರಿ ಪೆಟಿಟ್. 1977ರಿಂದ 1999ರ ತನಕ ಅಲ್ಲಿ ಕೋಚ್ ಆಗಿದ್ದವರು ಅವರು. ಅವರಿಗೇ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1995ರಲ್ಲಿ. ಕುಕ್ ಮುಖ್ಯ ಕೋಚ್ ಆಗುವ ಮುಂಚಿನ ಒಂದು ವರ್ಷ ಪೆಟಿಟ್ ಅವರ ಪಕ್ಕದಲ್ಲೇ ಕೆಲಸ ಮಾಡಿದ್ದರು.

ಇನ್ನೂ ಒಂದಿದೆ. 2000ದ ಆ ಫೈನಲ್‌ನಲ್ಲಿ ನೆಬ್ರಾಸ್ಕಾದ ಎದುರು ಆಡಿದ್ದು ವಿಸ್ಕಾನ್ಸಿನ್. 1992ರಿಂದ 1998ರ ತನಕ ವಿಸ್ಕಾನ್ಸಿನ್ ತಂಡದ ಕೋಚ್ ಯಾರು ಗೊತ್ತಾ? ಇದೇ ಕುಕ್! ಅವರು ಬಿಟ್ಟು ಎರಡು ವರ್ಷ ಆಗುವಷ್ಟರಲ್ಲಿ ಆ ತಂಡ ಫೈನಲ್ ತಲುಪಿತ್ತು. ನೆಬ್ರಾಸ್ಕಾ ಐದು ಸೆಟ್ ಆಡಿ ಗೆಲ್ಲಬೇಕಾಯಿತು. ಒಬ್ಬ ಕೋಚ್ ಬಿತ್ತಿದ್ದು ಯಾವಾಗ ಬೆಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನು ಓದಿದಾಗ ನನಗೆ ನಮ್ಮ ಮೇಡಂ ನೆನಪಾದರು.

ನಿಮ್ಮ ಜೊತೆ ಜಾಸ್ತಿ ಮಾತಾಡಬೇಕು ಅಂದುಕೊಂಡಿರುವುದು ಮಾತ್ರ ರಸ್ ರೋಸ್ ಅವರ ಬಗ್ಗೆ. 1979ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಕೋಚ್ ಆಗಿ ಬಂದವರು 2021ರ ಸೀಸನ್ ಮುಗಿಸಿ ನಿವೃತ್ತರಾದರು. 1,330 ಗೆಲುವು, 229 ಸೋಲು. ಏಳು ರಾಷ್ಟ್ರೀಯ ಪ್ರಶಸ್ತಿ. 2007ರಿಂದ 2010ರ ತನಕ ಸತತ ನಾಲ್ಕು ಸಲ ಚಾಂಪಿಯನ್. 2008ರಲ್ಲಿ 38 ಪಂದ್ಯ, 38 ಗೆಲುವು. 2009ರಲ್ಲಿ ಮತ್ತೆ 38 ಪಂದ್ಯ, 38 ಗೆಲುವು. ಈ ವರ್ಷಗಳಲ್ಲಿ ಅವರ ತಂಡ ಸತತ 109 ಪಂದ್ಯ ಗೆದ್ದಿತ್ತು.

ಈ ಅಂಕಿ ನೋಡಿದರೆ ಎಂಥ ಆಡಳಿತ ಮಂಡಳಿಯಾದರೂ ಅವರನ್ನು ಬೇಕು ಅನ್ನುತ್ತದೆ. ಆದರೆ ಅವರ ಮೊದಲ ಕಪ್ ಬಂದದ್ದು 1999ರಲ್ಲಿ. ಅದು ಅವರ ಇಪ್ಪತ್ತೊಂದನೇ ಸೀಸನ್. ಅದಕ್ಕೂ ಮುಂಚೆ ಮೂರು ಸಲ ಫೈನಲ್ ತನಕ ಹೋಗಿ ಸೋತಿದ್ದರು: 1993, 1997, 1998. ಕೊನೆಯದಂತೂ ನೋವಿನ ಸೋಲು. ಪೆನ್ ಸ್ಟೇಟ್ ಮತ್ತು ಲಾಂಗ್ ಬೀಚ್ ಸ್ಟೇಟ್ ಎರಡೂ ಆ ಸೀಸನ್ನಿನಲ್ಲಿ ಒಂದೇ ಒಂದು ಪಂದ್ಯ ಸೋಲದೆ ಫೈನಲ್‌ಗೆ ಬಂದಿದ್ದವು. ಐದನೇ ಸೆಟ್ ತನಕ ಎಳೆದಾಡಿ ಪೆನ್ ಸ್ಟೇಟ್ ಸೋತಿತು. ಆ ರಾತ್ರಿ ಅವರ ಹೆಸರಿನ ಮುಂದೆ ಇಪ್ಪತ್ತು ಸೀಸನ್, ಮೂರು ಫೈನಲ್, ಸೊನ್ನೆ ಕಪ್.

ಅಂಥ ರಾತ್ರಿಯ ಮರುದಿನ ನಿಮ್ಮ ಮೇಜಿನ ಮೇಲೆ ಅವರ ಫೈಲ್ ಬಂದಿದ್ದರೆ ಏನು ಮಾಡುತ್ತಿದ್ದಿರಿ? ದಯವಿಟ್ಟು ಪ್ರಾಮಾಣಿಕವಾಗಿ ಯೋಚಿಸಿ. ಅಲ್ಲಿ ಅವರನ್ನು ಉಳಿಸಿಕೊಂಡರು. ಒಂದೇ ವರ್ಷದಲ್ಲಿ ಅವರು ಕಪ್ ತಂದರು.

ಆ ಇಪ್ಪತ್ತು ವರ್ಷ ಒಬ್ಬ ಕೋಚ್ ಏನು ಮಾಡುತ್ತಿರುತ್ತಾರೆ ಅನ್ನುವುದು ಹೊರಗಿನವರಿಗೆ ಕಾಣುವುದಿಲ್ಲ. ರೋಸ್ ಪಂದ್ಯ ನಡೆಯುವಾಗ ಬೆಂಚಿನ ಮೇಲೆ ಕೂತು ತಮ್ಮ ಕೈಯಾರೆ ಲೆಕ್ಕ ಬರೆದುಕೊಳ್ಳುವುದಕ್ಕೆ ಹೆಸರಾಗಿದ್ದರು. ನಮ್ಮ ಮೇಡಂ ಕೂಡ ಬರೆಯುತ್ತಿದ್ದರು. ಬೆಂಚಿನ ಮೇಲಿದ್ದ ನನಗೇ ಆ ಕೆಲಸ ಒಪ್ಪಿಸುತ್ತಿದ್ದರು. ಅದನ್ನು ನಿಮಗೆ ವಿವರಿಸುತ್ತೇನೆ. ಯಾಕೆಂದರೆ ಕಪ್ ಇಲ್ಲದ ವರ್ಷದಲ್ಲೂ ಒಬ್ಬ ಕೋಚ್ ಸರಿಯಾದ ದಾರಿಯಲ್ಲಿದ್ದಾರೋ ಇಲ್ಲವೋ ಅಂತ ತಿಳಿಯಲು ಇದೇ ಒಳ್ಳೆಯ ದಾರಿ.

ಪ್ರತಿ ಪಾಸ್‌ಗೂ ಸೊನ್ನೆಯಿಂದ ಮೂರರ ತನಕ ಅಂಕ ಕೊಡುತ್ತಾರೆ. ಚೆಂಡು ನೆಟ್ ಹತ್ತಿರ ಸೆಟ್ಟರ್ ಕೈಗೆ ಸರಿಯಾಗಿ ಬಂದರೆ ಮೂರು. ಸೆಟ್ಟರ್ ಒಂದೆರಡು ಹೆಜ್ಜೆ ಓಡಬೇಕಾಗಿ ಬಂದರೆ ಎರಡು. ಹೇಗೋ ಮೇಲೆತ್ತಿ ಒಂದೇ ಕಡೆ ಎತ್ತರದ ಚೆಂಡು ಕೊಡುವುದಷ್ಟೇ ಸಾಧ್ಯವಾದರೆ ಒಂದು. ಪಾಸ್ ಕೈಬಿಟ್ಟು ಪಾಯಿಂಟ್ ಹೋದರೆ ಸೊನ್ನೆ. ಮೂರರ ಪಾಸ್ ಬಂದಾಗ ನನ್ನ ಮುಂದೆ ಮೂರು ದಾರಿ ಇರುತ್ತಿತ್ತು: ಎಡಕ್ಕೆ, ಬಲಕ್ಕೆ, ಇಲ್ಲವೇ ನಡುವಿನಲ್ಲಿ ಚುರುಕಾದ ಗಿಡ್ಡ ಚೆಂಡು. ಎದುರಾಳಿ ಬ್ಲಾಕರ್ ಯಾವ ಕಡೆ ಓಡಬೇಕು ಅಂತ ತಿಳಿಯದೆ ನಿಲ್ಲುತ್ತಿದ್ದಳು. ಒಂದರ ಪಾಸ್ ಬಂದರೆ ಮುಗಿಯಿತು. ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಇಡೀ ಅಂಕಣಕ್ಕೆ ಗೊತ್ತು. ಅಲ್ಲಿ ಇಬ್ಬರು ಬ್ಲಾಕರ್‌ಗಳು ಕೈ ಎತ್ತಿ ಕಾಯುತ್ತಿರುತ್ತಾರೆ. ಜನ ಚಪ್ಪಾಳೆ ತಟ್ಟುವುದು ಸ್ಮ್ಯಾಶ್‌ಗೆ. ಆದರೆ ಆ ಸ್ಮ್ಯಾಶ್ ಬೀಳುತ್ತದೋ ಇಲ್ಲವೋ ಅನ್ನುವುದು ಹೆಚ್ಚು ಸಲ ಪಾಸ್‌ನಲ್ಲೇ ತೀರ್ಮಾನವಾಗಿರುತ್ತದೆ.

ಒಬ್ಬ ಆಟಗಾರ್ತಿಯ ಪಾಸ್ ಸರಾಸರಿ 1.8ರಿಂದ 2.2ಕ್ಕೆ ಏರಿದರೆ ಪತ್ರಿಕೆಯಲ್ಲಿ ಸುದ್ದಿ ಬರುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಬೇಕು. ತೋಳಿನ ಕೋನ ಬದಲಾಗಬೇಕು, ಕಾಲು ಚೆಂಡಿಗಿಂತ ಮುಂಚೆ ತಲುಪಬೇಕು, ಹಳೆಯ ಅಭ್ಯಾಸ ಬಿಡಬೇಕು. ಹಳೆಯದನ್ನು ಬಿಟ್ಟು ಹೊಸದು ಮೈಗೂಡುವ ನಡುವಿನ ದಿನಗಳಲ್ಲಿ ಆಟ ಮೊದಲಿಗಿಂತ ಕೆಟ್ಟದಾಗಿಯೇ ಕಾಣುತ್ತದೆ. ನಮ್ಮ ಮೊದಲ ವರ್ಷದ ಸೋಲುಗಳು ಬಂದದ್ದು ಹೀಗೆ. ಮೇಡಂಗೆ ಅದು ಮೊದಲೇ ಗೊತ್ತಿತ್ತು. ಆಡಳಿತದವರು ಕೇಳಿದ್ದರೆ ಅವರು ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಹೊಡೆತಕ್ಕೂ ಒಂದು ಲೆಕ್ಕ ಇದೆ. 30 ಸಲ ಹೊಡೆದು 12 ಪಾಯಿಂಟ್ ತಂದವಳು 5 ಸಲ ತಪ್ಪು ಮಾಡಿದ್ದರೆ, 12ರಲ್ಲಿ 5 ಕಳೆದು 30ರಿಂದ ಭಾಗಿಸಬೇಕು. 0.233 ಬರುತ್ತದೆ. 12 ಸ್ಮ್ಯಾಶ್ ಕಣ್ಣಿಗೆ ಹಬ್ಬ. ಆ 5 ತಪ್ಪನ್ನು 2ಕ್ಕೆ ಇಳಿಸುವುದು ಕೋಚ್ ಕೆಲಸ. ಆಗ ಅದೇ ಹುಡುಗಿಯ ಲೆಕ್ಕ 0.333 ಆಗುತ್ತದೆ. ಒಂದು ಸ್ಮ್ಯಾಶ್ ಕೂಡ ಹೆಚ್ಚಾಗಿಲ್ಲ, ಆದರೆ ತಂಡ ಗೆಲ್ಲಲು ಶುರು ಮಾಡುತ್ತದೆ.

ಆಟದ ನಿಯಮಗಳೂ ಸುಮ್ನೆ ಇರುವುದಿಲ್ಲ. ರೋಸ್ ಶುರು ಮಾಡಿದಾಗ ಸರ್ವ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, ಸೆಟ್ 15ಕ್ಕೆ ಮುಗಿಯುತ್ತಿತ್ತು. 2001ರಿಂದ ಅಮೆರಿಕದ ಕಾಲೇಜು ಮಹಿಳೆಯರ ಆಟದಲ್ಲಿ ಸರ್ವ್ ಯಾರದ್ದೇ ಇರಲಿ, ಪ್ರತಿ ರ‍್ಯಾಲಿಗೂ ಪಾಯಿಂಟ್ ಬಂತು. ಮರುವರ್ಷ ಬೇರೆ ಬಣ್ಣದ ಜೆರ್ಸಿಯ ಲಿಬೆರೊ, ಅಂದರೆ ಹಿಂದೆ ನಿಂತು ಚೆಂಡು ಕಾಯುವುದಕ್ಕೆಂದೇ ಇರುವ ಆಟಗಾರ್ತಿ, ಬಂದಳು. ಮೊದಲು 30ಕ್ಕೆ ಮುಗಿಯುತ್ತಿದ್ದ ಸೆಟ್ 2008ರಿಂದ 25ಕ್ಕೆ ಇಳಿಯಿತು. ಪ್ರತಿ ಸಲವೂ ಕೋಚ್ ತಾವು ಕಲಿತದ್ದನ್ನು ಮತ್ತೆ ಹೊಸದಾಗಿ ಕಲಿಯಬೇಕು. ರೋಸ್ ಹಳೆಯ ನಿಯಮದಲ್ಲೂ ಗೆದ್ದರು, ಹೊಸದರಲ್ಲೂ ಗೆದ್ದರು.

ಕಪ್ಪನ್ನೇ ಅಳತೆಗೋಲು ಮಾಡಿಕೊಂಡರೆ ಎಷ್ಟು ದೊಡ್ಡವರು ಕೈತಪ್ಪುತ್ತಿದ್ದರು ಅಂತ ನೋಡಿ. ಡೇವ್ ಶೋಜಿ 1975ರಿಂದ 2016ರ ತನಕ ಹವಾಯಿ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು ನಡೆಸಿದರು. ಅವರ ಕೊನೆಯ ರಾಷ್ಟ್ರೀಯ ಪ್ರಶಸ್ತಿ 1987ರದ್ದು. ಆಮೇಲೂ 29 ಸೀಸನ್ ಅವರೇ ಕೋಚ್. ಒಟ್ಟು ಗೆಲುವು 1,202. ಪುರುಷರ ಆಟದಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಆಲ್ ಸ್ಕೇಟ್ಸ್ ಅವರದು 19 ರಾಷ್ಟ್ರೀಯ ಪ್ರಶಸ್ತಿ. ದಶಕಗಳ ಕಾಲ ಅವರು ಹಗಲು ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಕಾಲೇಜು ತಂಡಕ್ಕೆ ಕಲಿಸಲು ಬರುತ್ತಿದ್ದರು. ಒಲಿಂಪಿಕ್ಸ್ ಚಿನ್ನ ಗೆದ್ದ ಕಾರ್ಚ್ ಕಿರಾಯ್ ಅಂಥ ಆಟಗಾರ ಅವರ ಕೈಯಲ್ಲಿ ಪಳಗಿದವರು. ಅವರ 18ನೇ ಪ್ರಶಸ್ತಿ 2000ದಲ್ಲಿ, 19ನೆಯದು 2006ರಲ್ಲಿ. ನಡುವೆ ಐದು ಸೀಸನ್ ಖಾಲಿ. 2006ರಲ್ಲೂ ಆ ತಂಡ 12 ಪಂದ್ಯ ಸೋತೇ ಚಾಂಪಿಯನ್ ಆಯಿತು.

ಮೇರಿ ವೈಸ್ ಅವರ ಹೆಸರು ಹೇಳದೆ ಇರಲಾರೆ. 1991ರಿಂದ 2024ರ ತನಕ ಫ್ಲೋರಿಡಾ ವಿಶ್ವವಿದ್ಯಾಲಯದ ಕೋಚ್. ತಮ್ಮ ವೃತ್ತಿಯಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ ಗೆದ್ದವರು. 2003ರಲ್ಲಿ, 2017ರಲ್ಲಿ ಎರಡು ಸಲ ಫೈನಲ್ ತಲುಪಿ ಎರಡೂ ಸಲ ಸೋತರು. ಒಂದೂ ರಾಷ್ಟ್ರೀಯ ಪ್ರಶಸ್ತಿ ಇಲ್ಲದೆ ನಿವೃತ್ತರಾದರು. ಇವರನ್ನು ಯಶಸ್ವಿ ಕೋಚ್ ಅಲ್ಲ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ನನಗಂತೂ ಬರುವುದಿಲ್ಲ. ಹೆಣ್ಣುಮಕ್ಕಳ ಆಟದಲ್ಲೇ ಹೆಂಗಸರು ಕೋಚ್ ಆಗಿ ಉಳಿಯುವುದು ಕಷ್ಟವಾಗಿದ್ದ ಕಾಲದಲ್ಲಿ ಅವರು ಉಳಿದು ತೋರಿಸಿದರು. 1981ರಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಮಹಿಳಾ ವಾಲಿಬಾಲ್ ಚಾಂಪಿಯನ್‌ಶಿಪ್ ಶುರುವಾಯಿತು. ಅಲ್ಲಿಂದ 2023ರ ತನಕ ಅದರ ಮೊದಲ ದರ್ಜೆಯಲ್ಲಿ ಗೆದ್ದ ಎಲ್ಲ ತಂಡಗಳ ಮುಖ್ಯ ಕೋಚ್‌ಗಳೂ ಗಂಡಸರೇ!

ಅದನ್ನು ಬದಲಾಯಿಸಿದವರು ಯಾರು ಅಂತ ನೋಡಿದರೆ ನಾವು ಮತ್ತೆ ಪೆನ್ ಸ್ಟೇಟ್‌ಗೇ ಬರುತ್ತೇವೆ. 1999ರಲ್ಲಿ ರೋಸ್ ಅವರಿಗೆ ಮೊದಲ ಕಪ್ ತಂದುಕೊಟ್ಟ ತಂಡದಲ್ಲಿ ಕೇಟಿ ಶೂಮಾಕರ್ ಅನ್ನುವ ಹುಡುಗಿ ಇದ್ದಳು. ಆಕೆ ಮುಂದೆ ಕೋಚ್ ಆದರು. ಬೇರೆ ವಿಶ್ವವಿದ್ಯಾಲಯಗಳಲ್ಲಿ ಮುಖ್ಯ ಕೋಚ್ ಆಗಿ ದುಡಿದರು. ಆಮೇಲೆ ತಮ್ಮ ಗುರುವಿನ ಕೈಕೆಳಗೆ ಸಹಾಯಕ ಕೋಚ್ ಆಗಿ ವಾಪಸ್ ಬಂದರು. ರೋಸ್ ನಿವೃತ್ತರಾದ ಮೇಲೆ 2022ರಲ್ಲಿ ಕೇಟಿ ಶೂಮಾಕರ್-ಕಾಲಿ ಮುಖ್ಯ ಕೋಚ್ ಆದರು. ಮೊದಲೆರಡು ವರ್ಷ ಕಪ್ ಬರಲಿಲ್ಲ. 2024ರ ಸೀಸನ್ ನಡುವೆ ತಮಗೆ ಸ್ತನ ಕ್ಯಾನ್ಸರ್ ಇರುವುದನ್ನು ತಿಳಿಸಿದರು. ಕೀಮೋ ತೆಗೆದುಕೊಳ್ಳುತ್ತಲೇ ಅಂಕಣದ ಪಕ್ಕ ನಿಂತು ತಂಡವನ್ನು ನಡೆಸಿದರು. ಸೆಮಿಫೈನಲ್‌ನಲ್ಲಿ ನೆಬ್ರಾಸ್ಕಾ ಎದುರು ಮೊದಲ ಎರಡು ಸೆಟ್ ಕಳೆದುಕೊಂಡ ತಂಡ ಉಳಿದ ಮೂರನ್ನೂ ಗೆದ್ದಿತು. ಡಿಸೆಂಬರ್ 22ರ ಫೈನಲ್‌ನಲ್ಲಿ ಲೂಯಿವಿಲ್ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತು. ಲೂಯಿವಿಲ್ ಕೋಚ್ ಡ್ಯಾನಿ ಬುಸ್‌ಬೂಮ್ ಕೆಲ್ಲಿ ಕೂಡ ಹೆಂಗಸು. 2006ರಲ್ಲಿ ಕುಕ್ ಅವರ ನೆಬ್ರಾಸ್ಕಾ ಕಪ್ ಗೆದ್ದಾಗ ಆ ತಂಡದಲ್ಲಿ ಆಡಿದವರು ಅವರು. ಕೆಲವೇ ವಾರಗಳಲ್ಲಿ ಕುಕ್ ನಿವೃತ್ತರಾದಾಗ ಅವರ ಜಾಗಕ್ಕೆ ಇವರೇ ಬಂದರು.

ಮೂರನೇ ವರ್ಷಕ್ಕೇ ಕಪ್ ಬಂತಲ್ಲ ಅಂತ ಇಲ್ಲೂ ನೀವು ಕೇಳಬಹುದು. ಬಂತು, ನಿಜ. ಆದರೆ ಅದರ ಬೇರು 1979ರಲ್ಲಿದೆ. 1998ರ ಆ ಸೋಲಿನ ಮರುದಿನ ಯಾರಾದರೂ ಅವಸರಪಟ್ಟಿದ್ದರೆ, 1999ರ ಹುಡುಗಿಗೆ ಬಹುಶಃ ಅದೇ ಗುರು ಸಿಗುತ್ತಿರಲಿಲ್ಲ.

ನಮ್ಮ ಮೇಡಂ ಆಮೇಲೆ ಬೇರೆ ಯಾವ ತಂಡಕ್ಕೂ ಕೋಚ್ ಆಗಲಿಲ್ಲ. ಬೇರೆ ಕೆಲಸ ಹಿಡಿದರು. ನಾವು ಗೆದ್ದ ದಿನ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ಸ್ಕೋರ್ ಅಲ್ಲ. "ಪಾಸ್ ಎಷ್ಟು ಬಂತು?" ಅಂತ ಕೇಳಿದರು. "2.3" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ, ಚೆನ್ನಾಗಿ ಊಟ ಮಾಡಿ, ಮಲಗಿ" ಅಂದರು. ನಮ್ಮ ತಂಡದಲ್ಲಿ ಕೋಚ್ ಆಗಬೇಕು ಅಂದುಕೊಂಡಿದ್ದವರು ಇಬ್ಬರು. ಮೇಡಂ ಗತಿ ನೋಡಿ ಇಬ್ಬರೂ ಆ ಯೋಚನೆ ಬಿಟ್ಟೆವು. ಹೌದು, ಒಬ್ಬಳು ನಾನೇ.

ಹಾಗಾದರೆ ಕೋಚ್ ಏನು ಮಾಡಿದರೂ ಸಹಿಸಿಕೊಳ್ಳಬೇಕಾ ಅಂದರೆ, ಖಂಡಿತ ಬೇಡ. ಮಕ್ಕಳಿಗೆ ಬೈದು ಅವಮಾನ ಮಾಡುವವರು, ಗಾಯವಾದವರನ್ನು ಬಲವಂತವಾಗಿ ಆಡಿಸುವವರು, ಓದನ್ನು ಹಾಳು ಮಾಡುವವರು ಒಂದು ದಿನವೂ ಇರಬಾರದು. ಅವರಿಗೆ ಎಷ್ಟು ಕಪ್ ಬಂದಿದ್ದರೂ ಇರಬಾರದು. ಆ ವಿಷಯದಲ್ಲಿ ತಡ ಮಾಡಬೇಡಿ.

ನಾನು ಕೇಳುವುದು ಇಷ್ಟೇ. ಹೊಸ ಕೋಚ್ ಬಂದಾಗ ಮೊದಲ ಒಪ್ಪಂದವನ್ನೇ ಐದು ವರ್ಷಕ್ಕೆ ಮಾಡಿ. ಅವರೇ ಆರಿಸಿದ ಒಂದು ಬ್ಯಾಚ್ ಸೇರಿ, ಕಲಿತು, ಆಡಿ, ಪದವಿ ಮುಗಿಸಿ ಹೊರಗೆ ಹೋಗಲಿ. ಆಮೇಲೆ ಆ ಹುಡುಗಿಯರನ್ನೇ ಕೂರಿಸಿಕೊಂಡು ಕೇಳಿ. ಗೆದ್ದಿರಾ ಅಂತಲ್ಲ. ಬಂದಾಗ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ ಅಂತ ಕೇಳಿ. ಬೆಂಚಿನ ಮೇಲಿದ್ದವರನ್ನೂ ಕರೆಯಿರಿ. ಅವರ ಹತ್ತಿರ ಹೇಳಲು ಬೇಕಾದಷ್ಟು ಇರುತ್ತದೆ. ಹೋದ ವರ್ಷ, ಈ ವರ್ಷ ಪಾಸ್ ಸರಾಸರಿ ಎಷ್ಟು ಅಂತ ಕೋಚ್‌ರನ್ನೂ ಕೇಳಿ. ಒಳ್ಳೆಯ ಕೋಚ್ ಆದರೆ ಈ ಪ್ರಶ್ನೆಗೆ ಅವರ ಮುಖ ಅರಳುತ್ತದೆ. ಡೈರಿ ತೆಗೆದು ತೋರಿಸುತ್ತಾರೆ.

ನಿಮ್ಮಲ್ಲಿ ಯಾರ ಮೇಜಿನ ಮೇಲಾದರೂ ಈಗ ಅಂಥ ಒಂದು ಫೈಲ್ ಇದ್ದರೆ, ಮೂರು ವರ್ಷ ಆಗಿ ಕಪ್ ಬರದ ಕೋಚ್ ಒಬ್ಬರ ಫೈಲ್ ಇದ್ದರೆ, ಸಹಿ ಹಾಕುವ ಮುಂಚೆ ಒಂದು ಸಂಜೆ ಅಭ್ಯಾಸಕ್ಕೆ ಹೋಗಿ. ಮುಂಚೆ ಹೇಳಬೇಡಿ. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಮುಖ್ಯ ಆರು ಜನರನ್ನು ಬಿಟ್ಟು, ಎರಡನೇ ಸೆಟ್ಟರ್ ಯಾರು ಅಂತ ಹುಡುಕಿ, ಒಂದು ಗಂಟೆ ಅವಳನ್ನೇ ನೋಡಿ. ಕೋಚ್ ಅವಳ ಹತ್ತಿರ ಎಷ್ಟು ಸಲ ಬರುತ್ತಾರೆ ಅಂತ ಎಣಿಸಿ.

ಇಂತಿ ನಿಮ್ಮ ವಿಶ್ವಾಸಿ,
ಆಗ ಎರಡನೇ ಸೆಟ್ಟರ್ ಆಗಿದ್ದ ಒಬ್ಬ ಹಳೆಯ ಆಟಗಾರ್ತಿ